ಒಕ್ಕಲಿದ್ದ ಮನೆಯನ್ನು ಕೊಂಡವನ ಧರ್ಮ

ಗೃಹಸ್ಥನಾದವನು ತನ್ನ ಕಾಯಕದಲ್ಲಿ ಉಳಿದ ಹಣದಿಂದ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡುವುದರಲ್ಲಿ ದೋಷವೇನೂ ಇಲ್ಲ. ಆದರೆ ಬಾಡಿಗೆಯನ್ನು ಸರಿಯಾಗಿ ಸಲ್ಲಿಸದ, ಬಿಡೆಂದರೆ ಬಿಡದ ಒಕ್ಕಲು ಮೊದಲೇ ನೆಲಸಿರುವ ಮನೆಯನ್ನು ತಿಳಿದೂ ಕೊಂಡವನು ಅವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ವಿಚಾರಾರ್ಹವಾದ ಸಂಗತಿ.

ಇಂತಹ ಮನೆ ಅಗ್ಗಕ್ಕೆ ದೊರೆಯುತ್ತದೆ. ತೆರವಾಗಿದ್ದರೆ 60 ಲಕ್ಷ ರೂಪಾಯಿ ಬಾಳುವ ಮನೆಯು 48 ಲಕ್ಷಕ್ಕೆ ಬಂದಿತೆಂದು ಇಟ್ಟುಕೊಳ್ಳೋಣ. ಉಳಿದ ಆ 12 ಲಕ್ಷ ಎಲ್ಲಿಂದ ಬಂದಿತು? ಗೋಡೆ ಬಿರುಕುಬಿಟ್ಟುದರಿಂದಲ್ಲ, ಮಾಳಿಗೆ ಸೋರಿದುದರಿಂದಲ್ಲ, ಒಳಗಿರುವ ಜನರಿಂದ. ಅವರನ್ನು ಸಹಿಸುವ, ಅವರೊಡನೆ ಮಾತುಕತೆ ನಡೆಸುವ, ಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಶ್ರಮಕ್ಕೆ ಸಲ್ಲತಕ್ಕ ಕೂಲಿಯನ್ನು ಕೊಂಡವನು ಮೊದಲೇ ಪಡೆದಿರುತ್ತಾನೆ. ಹೀಗಿದ್ದೂ ನೋಂದಣಿಯಾದ ಮರುದಿನವೇ ತನಗೆ ಅನ್ಯಾಯವಾಯಿತೆಂದು ಓಣಿಯಲ್ಲಿ ಕೂಗಾಡಿದರೆ, ಕೂಲಿಯನ್ನು ಎಣಿಸಿಕೊಂಡು ಕೆಲಸವನ್ನು ಒಲ್ಲೆನೆಂದಂತಾಯಿತು.

ಕಾಯಿದೆಯ ನೋಟವೂ ಇದಕ್ಕೆ ದೂರವಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ, ಮನೆಯಲ್ಲಿ ವಾಸ್ತವವಾಗಿ ಇರುವವರ ಹಕ್ಕು ಕೊಳ್ಳುವವನಿಗೆ ತಿಳಿದೇ ಇತ್ತೆಂದು ಭಾವಿಸಲಾಗುತ್ತದೆ. ಅದರ 109ನೆಯ ಪ್ರಕರಣದಂತೆ ಹಳೆಯ ಒಡೆಯನ ಹಕ್ಕುಗಳು ಹೊಸಬನಿಗೆ ಬರುವಂತೆ, ಒಕ್ಕಲು ಬಯಸಿದರೆ ಹೊಣೆಗಳೂ ಬರುತ್ತವೆ. ಬೇರೆ ಕರಾರಿಲ್ಲದಿದ್ದರೆ ಕ್ರಯಕ್ಕೆ ಹಿಂದಿನ ಬಾಡಿಗೆಯ ಬಾಕಿ ಅವನಿಗೆ ಸಲ್ಲದು. ಮಾರಾಟವನ್ನರಿಯದೆ ಹಳೆಯ ಒಡೆಯನಿಗೇ ಬಾಡಿಗೆ ಕೊಟ್ಟವರು ಅದನ್ನು ಮತ್ತೊಮ್ಮೆ ಕೊಡಬೇಕಾಗಿಯೂ ಇಲ್ಲ. ಆದುದರಿಂದ ಕ್ರಯಪತ್ರವಾದೊಡನೆ ಅವರಿಗೆ ಬರಹದಲ್ಲಿ ತಿಳಿಸುವುದು ಯುಕ್ತ. ಮುಂಗಡದ ಮೊತ್ತವನ್ನಂತೂ ಕೊಳ್ಳುವ ಮುನ್ನವೇ ಎರಡೂ ಕಡೆಯಿಂದ ಕೇಳಬೇಕು. ಮಾರುವವನ ಬಾಯಿಮಾತನ್ನೇ ಪ್ರಮಾಣವೆಂದು ನಂಬಿ ಕೆಟ್ಟವರು ಕಡಿಮೆಯಿಲ್ಲ.

ಹಾಗಾದರೆ ಬಾಡಿಗೆ ಕೊಡದವರನ್ನು ಸುಮ್ಮನೆ ಹೊತ್ತಿರಬೇಕೇ? ಬೇಕಿಲ್ಲ. ದುಡಿಯಬಲ್ಲವನು ಬಾಡಿಗೆ ಕೊಡದೆ ಕುಳಿತರೆ ಅದೂ ಪರಧನದ ಆಸೆಯೇ; ಅದನ್ನು ಪೋಷಿಸುವುದು ದಾಸೋಹವಲ್ಲ. ನೋಟೀಸು ಕೊಡಲಿ, ದಾವೆ ಹೂಡಲಿ. ಆದರೆ ನಲ್ಲಿಯ ನೀರು ನಿಲ್ಲಿಸುವುದು, ವಿದ್ಯುತ್ತಿನ ತಂತಿ ಕೀಳುವುದು, ರಾತ್ರಿ ನಾಲ್ವರನ್ನು ಕಳುಹಿಸಿ ಬೆದರಿಸುವುದು ಸಲ್ಲದು. ಹಾಗೆ ಮಾಡುವವನು ಕಷ್ಟದ ಬೆಲೆಯನ್ನು ತನ್ನಲ್ಲಿಟ್ಟುಕೊಂಡು ಕಷ್ಟವನ್ನು ಮಾತ್ರ ಒಕ್ಕಲಿನ ಮಕ್ಕಳ ಮೇಲೆ ಹೇರುತ್ತಾನೆ.

ಮಾರಯ್ಯನು ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಿರುಗಿಸಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಅಕ್ಕಿ ಕದ್ದುದಾಗಿರಲಿಲ್ಲ. ದಿನದ ಅಗತ್ಯವನ್ನು ಮೀರಿತ್ತು, ಅಷ್ಟೆ. ಒಕ್ಕಲು ಹೊರಡಲು ಒಪ್ಪಿದಾಗ, ಇಳಿದ ಬೆಲೆಯೊಳಗಿನ ಒಂದಂಶವನ್ನು ಅವರ ಸಾಮಾನಿನ ಸಾಗಾಟಕ್ಕೆ, ಹೊಸ ಮನೆಯ ಮುಂಗಡಕ್ಕೆ ಕೊಟ್ಟರೆ ಅದನ್ನು ಔದಾರ್ಯವೆಂದು ಹೇಳಿಕೊಳ್ಳಬೇಕಾಗಿಲ್ಲ. ಅವರಿಂದಲೇ ಉಳಿದ ಹಣವದು.

ಕೊಡಲಾರದವರೂ ಕೊಡಲೊಲ್ಲದವರೂ ಲೆಕ್ಕದ ಪುಸ್ತಕದಲ್ಲಿ ಒಂದೇ ಬಗೆಯಾಗಿ ಕಾಣುತ್ತಾರೆ. ದಲ್ಲಾಳಿಯು ಆ ಭೇದವನ್ನು ತಿಳಿಸಲಾರ. ಕ್ರಯಕ್ಕೆ ಮುನ್ನ ಕೊಳ್ಳುವವನೇ ಒಂದು ಸಂಜೆ ಆ ಮನೆಗೆ ಹೋಗಿ, ಕುಳಿತು, ಅವರು ಕೊಟ್ಟ ನೀರು ಕುಡಿದು, ಮಾತನಾಡಿಸಿ ಬರಲಿ.