ಹೆಸರಿನ ಋಣ

ಒಂದು ವಿದ್ಯಾಶಾಲೆಯು ಕಥೋಲಿಕವೆನಿಸುವುದು ಯಾವುದರಿಂದ? ಕಟ್ಟಿದವರಿಂದ ಎನ್ನೋಣವೆಂದರೆ ಅವರು ಗತಿಸಿದ ಬಳಿಕ ಆ ಗುಣವೂ ಗತಿಸಬೇಕು. ಓದುವವರಿಂದ ಎನ್ನೋಣವೆಂದರೆ ಎಲ್ಲ ಮತಗಳ ಬಾಲಕರೂ ಕೂಡಿ ಕಲಿಯುವೆಡೆ ಆ ಮಾತು ನಿಲ್ಲದು.

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ವಿದ್ಯಾಲಯವನ್ನು 1880ರಲ್ಲಿ ತೆರೆದವರು ಇಟಲಿಯಿಂದ ಬಂದ ಯೇಸುಸಭೆಯ ಪಾದ್ರಿಗಳು. ಆ ತಲೆಮಾರು ಎಂದೋ ಮಣ್ಣಾಯಿತು. ಉಳಿದುದು ಹೆಸರು, ಜೊತೆಗೆ, 1899ರಲ್ಲಿ ಬಂದ ಮೊಸ್ಕೇನಿ ಎಂಬ ಸಭೆಯ ಸಹೋದರನು ಪ್ರಾರ್ಥನಾಮಂದಿರದ ಚಾವಣಿಯಲ್ಲಿ ಬರೆದ ಅಲೋಶಿಯಸ್ಸನ ಜೀವನಚಿತ್ರಗಳು. ಈ ಅಲೋಶಿಯಸ್ಸನು ಸಂಸ್ಥಾನಿಕನೊಬ್ಬನ ಹಿರಿಯ ಮಗ. ದೊರೆತನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂನ್ಯಾಸಿಯಾದನು. ರೋಮಿನಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡಿ ತಾನೂ ಅದೇ ಬೇನೆಗೆ ತುತ್ತಾಗಿ, 1591ರಲ್ಲಿ, 23ನೆಯ ವಯಸ್ಸಿಗೆ ತೀರಿಕೊಂಡನು.

ಅಧಿಕಾರವನ್ನು ತೊರೆದವನ ಹೆಸರಿನ ಶಾಲೆಗೆ ತಂದೆತಾಯಿಗಳು ಮಕ್ಕಳನ್ನು ಕಳುಹಿಸುವುದು ಬಹುಮಟ್ಟಿಗೆ ಅಧಿಕಾರ ದೊರೆಯಲೆಂದೇ! ಅದರಲ್ಲಿ ಅವರ ತಪ್ಪೇನಿಲ್ಲ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಶಾಲೆಯ ಹೊಣೆ ಮಾತ್ರ ಬೇರೆ. ಅಲ್ಪಸಂಖ್ಯಾತರು ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದೆಂದು ಸಂವಿಧಾನದ 30ನೆಯ ವಿಧಿಯು ಹೇಳುತ್ತದೆ. ಸರಕಾರದ ನೆರವು ಪಡೆಯುವ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಮತಬೋಧೆಗೆ ಕೂರಿಸಬಾರದೆಂದು 28ನೆಯದು. ಎರಡೂ ನ್ಯಾಯವೇ. ಆದರೆ ಕಾನೂನು ಆಡಳಿತವನ್ನು ಕಾಯಬಲ್ಲುದೇ ಹೊರತು ಚಾವಣಿಯ ಚಿತ್ರದ ಅರ್ಥವನ್ನು ಕಾಯಲಾರದು. ಇಂಥ ಯಾವುದೇ ಶಾಲೆಯಲ್ಲಿ ಅದು ಉಳಿದಿದೆಯೇ ಎಂದು ತಿಳಿಯಬೇಕಾದರೆ ಜೂನ್ ತಿಂಗಳಲ್ಲಿ, ಶುಲ್ಕ ತೆರಲಾರದ ಹುಡುಗನೊಬ್ಬನು, ಯಾವ ಮತದವನೇ ಆಗಲಿ, ತಂದೆಯೊಡನೆ ಕಚೇರಿಯ ಬಾಗಿಲಲ್ಲಿ ನಿಂತಾಗ ಅವನಿಗೆ ದೊರೆಯುವ ಉತ್ತರವನ್ನು ಕೇಳಬೇಕು.