ಹೇಳದೆ ಕೊಟ್ಟ ಔಷಧ

ರೋಗಿಯ ಕೈಗೆ ಔಷಧವನ್ನಿತ್ತೊಡನೆ ಕೊಟ್ಟವರ ಧರ್ಮವು ಪೂರೈಸಿತೇ?

ಕೆಲವು ವರ್ಷಗಳ ಹಿಂದೆ ಶ್ರೀಮಠಕ್ಕೆ ಬಂದ ರೈತನೊಬ್ಬನಿಗೆ ಕ್ಷಯರೋಗವಿತ್ತು. ಆಸ್ಪತ್ರೆಯವರು ಮಾತ್ರೆಗಳನ್ನು ಉಚಿತವಾಗಿಯೇ ಕೊಟ್ಟಿದ್ದರು. ಅವನ್ನು ನುಂಗತೊಡಗಿದ ಮೇಲೆ ಮೂತ್ರವು ಕೆಂಪಾದುದನ್ನು ಕಂಡು, ರಕ್ತವೇ ಹೋಗುತ್ತಿದೆಯೆಂದು ಹೆದರಿ ಆತ ಬಿಟ್ಟುಬಿಟ್ಟಿದ್ದನು. ರಿಫಾಂಪಿಸಿನ್ ಎಂಬ ಔಷಧದಿಂದ ಆ ಬಣ್ಣ ಬರುವುದು ಸಹಜ, ಅದರಿಂದ ಅಪಾಯವಿಲ್ಲ. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಯಾರೂ ಹೇಳಿರಲಿಲ್ಲ. ಮರಳಿ ಹೋದಾಗ ಅವನಿಗೆ ದೊರೆತದ್ದು ಬೈಗುಳ.

ಹಳ್ಳಿಗನು ಅಜ್ಞಾನಿಯೆಂದು ತೀರ್ಪು ಕೊಡುವುದು ಸುಲಭ. ಆದರೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳಿತು. ಕ್ಷಯಪೀಡಿತರಲ್ಲಿ ಬಹುತೇಕರಿಗೆ ತಮ್ಮ ದೇಹದ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು. ಅವರಲ್ಲಿ ಅನೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಅರಿವಿನ ಕೊರತೆ ಯಾವ ಕಡೆಗಿತ್ತು, ನೀವೇ ವಿಚಾರಿಸಿರಿ.

ಮನೆಯಲ್ಲಿದ್ದು ಪಡೆಯುವ ಚಿಕಿತ್ಸೆಯು ಸ್ಯಾನಟೋರಿಯಂನ ಚಿಕಿತ್ಸೆಗೆ ಸಮನೆಂಬುದು ಮದರಾಸಿನ ಪ್ರಯೋಗದಿಂದ 1959ರಲ್ಲಿಯೇ ಸಿದ್ಧವಾಯಿತು. ರೋಗಿ ಮನೆಗೆ ಬಂದನು. ಅವನೊಡನೆ ತಿಳಿವಳಿಕೆಯೂ ಬರಬೇಕಾಗಿತ್ತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಕೆಲವೇ ವಾರಗಳಲ್ಲಿ ಜ್ವರ, ಕೆಮ್ಮು ಇಳಿದರೆ ಗುಣವಾಯಿತೆಂದು ಯಾರಿಗೂ ಅನ್ನಿಸುವುದು. ಆಗ ನಿಲ್ಲಿಸಿದರೆ ರೋಗ ಮರುಕಳಿಸೀತು, ಉಳಿದ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾದಾವು. ಆದುದರಿಂದ ಮಾತ್ರೆಯಷ್ಟೇ ಮಾತೂ ಚಿಕಿತ್ಸೆಯ ಅಂಗ.

ವೈದ್ಯರಿಗೆ ಬಿಡುವಿಲ್ಲವೆಂಬುದು ನಿಜ. ತಾಲ್ಲೂಕು ಆಸ್ಪತ್ರೆಯ ಸಾಲನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಆದರೆ ದಾದಿಯರು ಹೇಳಬಹುದು, ಆಶಾ ಕಾರ್ಯಕರ್ತೆಯರು ಹೇಳಬಹುದು, ಗುಣಹೊಂದಿದವರೇ ಬಂದು ಹೇಳಬಹುದು. ಜೊತೆಗೆ ಬಂದ ಹೆಂಡತಿಯನ್ನೋ ತಾಯಿಯನ್ನೋ ಕೂರಿಸಿಕೊಂಡು ತಿಳಿಸಬೇಕು; ಕೇಳಿದ್ದನ್ನು ಅವರ ಬಾಯಿಂದಲೇ ಮರಳಿ ಹೇಳಿಸಬೇಕು. ಗೋಡೆಗೆ ಅಂಟಿಸಿದ ಕಾಗದ ಓದುಬಾರದವನಿಗೆ ಏನು ಹೇಳೀತು?

ದಾಸೋಹದಲ್ಲಿ ನೀಡುವವನು ಒಡೆಯನಲ್ಲ, ಸೇವಕ. ಉಣಬಡಿಸಿದವನು ಉಂಡರೋ ಇಲ್ಲವೋ ಎಂದು ಪಂಕ್ತಿಯತ್ತ ತಿರುಗಿ ನೋಡುತ್ತಾನೆ. ಅರಿವನ್ನು ಬಡಿಸುವಲ್ಲಿ ಆ ನೋಟ ನಮ್ಮಲ್ಲಿಯೂ ಇರಲಿಲ್ಲ. ಶ್ರೀಮಠದ ಆರೋಗ್ಯ ಶಿಬಿರಗಳ ವರದಿಯಲ್ಲಿ ಎಷ್ಟು ಜನ ಬಂದರೆಂಬುದನ್ನು ಬರೆಯಿಸುತ್ತ ಬಂದೆವು. ಎಷ್ಟು ಜನರಿಗೆ ತಿಳಿಯಿತೆಂದು ಕೇಳಲಿಲ್ಲ. ಆ ರೈತನು ನಮ್ಮ ಶಿಬಿರಕ್ಕೂ ಬಂದಿದ್ದವನೇ.