ಊರ ಹೆಸರು ಯಾರ ಸೊತ್ತು?

ತಿನ್ನುವ ಕುಡಿಯುವ ಪದಾರ್ಥಗಳಿಗೆ ಊರಿನ ಹೆಸರು ಅಂಟಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಉಂಟು. ಧಾರವಾಡದ ಫೇಡೆಯೆಂದ ಮಾತ್ರಕ್ಕೆ ಸಕ್ಕರೆಯಲ್ಲಿ ಹೊರಳಿಸಿದ ಆ ಕಂದು ಉಂಡೆ ಕಣ್ಣಮುಂದೆ ಬರುತ್ತದೆ. ಬೇರೆಡೆಯಲ್ಲಿ ಮಾಡಿದ ಸರಕಿಗೆ ಆ ಹೆಸರನ್ನು ಅಂಟಿಸಿ ಮಾರುವವನು ಕೊಳ್ಳುವವನನ್ನು ವಂಚಿಸುವುದಲ್ಲದೆ, ತಲೆತಲಾಂತರದಿಂದ ಆ ಹೆಸರಿಗೆ ಮಾನ ತಂದವರ ದುಡಿಮೆಯನ್ನೂ ಅಪಹರಿಸುತ್ತಾನೆ. ಇದನ್ನು ತಡೆಯುವ ಕಾಯಿದೆ ನ್ಯಾಯವಾದುದೆಂಬಲ್ಲಿ ಸಂದೇಹವಿಲ್ಲ. ತೊಡಕು ಹುಟ್ಟುವುದು, ಆ ಹೆಸರಿನ ಎಲ್ಲೆ ಎಲ್ಲಿಯವರೆಗೆಂದು ಗೆರೆಯೆಳೆಯ ಹೊರಟಾಗ.

ಫ್ರಾನ್ಸಿನ ಶಾಂಪೇನ್ ಪ್ರಾಂತದ ವೃತ್ತಾಂತವು ಇದಕ್ಕೆ ನಿದರ್ಶನ. ಅಲ್ಲಿನ ನೊರೆಯುಕ್ಕುವ ದ್ರಾಕ್ಷಾಮದ್ಯಕ್ಕೆ ಪ್ರಾಂತದ ಹೆಸರೇ ನಿಂತಿದೆ. ವರ್ತಕರು ಹೊರಗಿನ ಅಗ್ಗದ ದ್ರಾಕ್ಷಿಯನ್ನು ತಂದು ಅದೇ ಹೆಸರಿನಿಂದ ಮಾರುತ್ತಿದ್ದುದರಿಂದ, 1908ರಲ್ಲಿ ಸರಕಾರವು ಹೆಸರಿನ ಸೀಮೆಯನ್ನು ಗೊತ್ತುಮಾಡಿತು. ಓಬ್ ಜಿಲ್ಲೆ ಅದರಿಂದ ಹೊರಗುಳಿಯಿತು. ಪುರಾತನ ಶಾಂಪೇನಿನ ರಾಜಧಾನಿಯಾಗಿದ್ದ ಟ್ರುವಾ ನಗರವಿರುವುದು ಆ ಜಿಲ್ಲೆಯಲ್ಲಿಯೇ! ಓಬಿನ ಬೆಳೆಗಾರರು ಕೆರಳಿದರು. ಅವರನ್ನು ಸಮಾಧಾನಪಡಿಸಲು ಹೊರಟಾಗ ಮಾರ್ನ್ ಜಿಲ್ಲೆಯವರು ಕೆರಳಿದರು. 1911ರಲ್ಲಿ ಉಗ್ರಾಣಗಳು ಒಡೆದವು, ಮದ್ಯ ಬೀದಿಯಲ್ಲಿ ಹರಿಯಿತು, ಸೈನ್ಯ ಬರಬೇಕಾಯಿತು. ಓಬಿಗೆ ಪೂರ್ಣ ಹಕ್ಕು ದೊರೆತದ್ದು 1927ರಲ್ಲಿ. ಅಷ್ಟು ವರ್ಷ ಆ ಬಡ ಬೆಳೆಗಾರರು ಮಾಡಿದ್ದ ಅಪರಾಧವೇನು? ಗೆರೆಯ ಆಚೆಗೆ ಬಳ್ಳಿ ನೆಟ್ಟದ್ದಷ್ಟೆ.

ಇದಕ್ಕಿಂತಲೂ ವಿಚಿತ್ರವಾದುದು ಸ್ವಿಟ್ಜರ್ಲೆಂಡಿನ ವೋ ಪ್ರಾಂತದ ಒಂದು ಸಣ್ಣ ಹಳ್ಳಿಯ ಪಾಡು. ಅದರ ಹೆಸರೂ ಶಾಂಪೇನ್. ಯಾರಿಂದಲೂ ಕದ್ದುದಲ್ಲ, ಶತಮಾನಗಳಿಂದ ಬಂದುದು. ಅಲ್ಲಿಯೂ ದ್ರಾಕ್ಷಿ ಬೆಳೆಯುತ್ತದೆ. ಅಲ್ಲಿನ ಬಿಳಿಯ ಮದ್ಯದಲ್ಲಿ ನೊರೆಯಿಲ್ಲ. ಐರೋಪ್ಯ ಒಕ್ಕೂಟದೊಡನೆ 1999ರಲ್ಲಿ ಆದ ಒಪ್ಪಂದದ ಪರಿಣಾಮವಾಗಿ, 2004ರಿಂದ ಅವರು ತಮ್ಮ ಊರಿನ ಹೆಸರನ್ನು ತಮ್ಮ ಬುದ್ದಲಿಯ ಮೇಲೆ ಬರೆಯುವಂತಿಲ್ಲ. ನೊರೆಯಿಲ್ಲದ ಮದ್ಯವನ್ನು ನೊರೆಯ ಮದ್ಯವೆಂದು ಭ್ರಮಿಸುವವನು ಎಷ್ಟು ಮಂದಿಯಲ್ಲೊಬ್ಬನು? ವಂಚನೆಯನ್ನು ತಡೆಯಲು ಹುಟ್ಟಿದ ನಿಯಮವು ವಂಚಿಸದವನ ಬಾಯಿಂದ ಅವನ ಊರ ಹೆಸರನ್ನು ಕಿತ್ತುಕೊಂಡಿತೆಂದೇ ಹೇಳಬೇಕು.

ಭಾರತದ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರಲ್ಲಿ. ಅದರಲ್ಲಿ ಮೆಚ್ಚತಕ್ಕ ಒಂದಂಶವುಂಟು: ಹೀಗೆ ನೋಂದಾಯಿಸಿದ ಹೆಸರಿನ ಹಕ್ಕನ್ನು ಮಾರಲಾಗದು, ಒತ್ತೆಯಿಡಲಾಗದು, ಗುತ್ತಿಗೆಗೆ ಕೊಡಲಾಗದು. ಧನಿಕನೊಬ್ಬನು ಬಂದು ಊರಿನ ಕೀರ್ತಿಯನ್ನು ಇಡಿಯಾಗಿ ಕೊಂಡು ಹೋಗುವ ಭಯ ಇದರಿಂದ ತಪ್ಪಿತು. ಸೊತ್ತೆಂಬ ಮಾತಿಗೇ ಇಲ್ಲಿ ಬೇರೆ ಅರ್ಥ ಬರುತ್ತದೆ. ಅನುಭವಿಸುವ ಹಕ್ಕುಂಟು, ಪರಭಾರೆಯ ಹಕ್ಕಿಲ್ಲ, ಊರ ಕೆರೆಯಂತೆ.

ಧಾರವಾಡದ ಫೇಡೆಯೂ ಈ ಕಾಯಿದೆಯ ರಕ್ಷಣೆಯನ್ನು ಪಡೆದಿದೆ. ಆದರೆ ಅದನ್ನು ಆ ಊರಿಗೆ ತಂದವರು ಉತ್ತರಪ್ರದೇಶದ ಉನ್ನಾವಿನ ಕಡೆಯಿಂದ ಪ್ಲೇಗಿಗೆ ಹೆದರಿ ವಲಸೆ ಬಂದವರೆಂದು ಪ್ರತೀತಿ. ಕೈಚಳಕ ಅಲ್ಲಿಯದು, ಎಮ್ಮೆಯ ಹಾಲು ಇಲ್ಲಿಯದು. ಹೆಸರು ಮಾತ್ರ ಪೂರ್ತಿಯಾಗಿ ಧಾರವಾಡದ್ದು. ಅಂದು ವಲಸೆ ಬಂದವರ ಕೈಯನ್ನು ಊರು ತನ್ನದೆಂದು ಒಪ್ಪಿಕೊಂಡಿತು. ಇಂದು ಧಾರವಾಡದಲ್ಲಿಯೇ ಪಳಗಿದ ಬಾಣಸಿಗನೊಬ್ಬನು ಹೊಟ್ಟೆಪಾಡಿಗಾಗಿ ದೂರದ ನಗರಕ್ಕೆ ಹೋಗಿ ಒಲೆ ಹೂಡಿದರೆ, ಅದೇ ಕೈ, ಅದೇ ಹದ. ಅಂಗಡಿಯ ಹಲಗೆಗೆ ಮಾತ್ರ ಅವನು ಬೇರೊಂದು ಹೆಸರನ್ನು ಹುಡುಕಬೇಕು.